ಇಬ್ಬರೇ ಸೇರಿ ವರ್ಷದ ಕಟ್ಟಿಗೆ ಹೇಗೆ ಕೊಯ್ದಿರಿ?

ಮದುವೆಯಾಗಿ ಶಿರಸಿ ಸೀಮೆಯ ಈ ಮನೆಗೆ ಬಂದ ಹೊಸದರಲ್ಲಿ ವರ್ಷದ ಕಟ್ಟಿಗೆಯನ್ನು ನಾನೂ ನಮ್ಮ ಯಜಮಾನರೂ ಸೇರಿ ಕೊಯ್ದುಕೊಳ್ಳುತ್ತಿದ್ದೆವು. ಇದನ್ನು ಕೇಳಿದವರೆಲ್ಲ ಹಾಕುವ ಪ್ರಶ್ನೆ ಒಂದೇ: ಆಳೂ ಇಲ್ಲ, ಯಂತ್ರವೂ ಇಲ್ಲ, ಹೇಗೆ ಸಾಧ್ಯವಾಯಿತು? ರಟ್ಟೆಬಲದಿಂದಲ್ಲ, ಇವರು ಮನೆಯಲ್ಲೇ ಮಾಡಿದ ಕತ್ತರಿಯಿಂದ ಎನ್ನುವುದು ನನ್ನ ಉತ್ತರ.

ಕತ್ತರಿ ಅಂದರೆ ದಿಮ್ಮಿ ಮಲಗಿಸುವ ಅಡ್ಡೆ. ತೋಳು ದಪ್ಪದ ನಾಲ್ಕು ಗೂಟಗಳನ್ನು ಎರಡೆರಡರಂತೆ ಅಡ್ಡಡ್ಡ ಸೇರಿಸಿ, ಸೇರುವಲ್ಲಿ ಕಚ್ಚು ಹೊಡೆದು ಬೋಲ್ಟು ಬಿಗಿದು, ಎರಡು ಜೊತೆಗಳ ನಡುವೆ ಕೆಳಗಡೆ ಪಟ್ಟಿ ಜಡಿದಿದ್ದರು. ಮೇಲಿನ ಕವಲಿನಲ್ಲಿ ಕೂತ ದಿಮ್ಮಿ ಉರುಳುವುದಿಲ್ಲ, ಭಾರ ಹೆಚ್ಚಿದಷ್ಟೂ ಭದ್ರ. ಮೊದಲೆಲ್ಲ ನೆಲದ ಮೇಲೇ ದಿಮ್ಮಿ ಇಟ್ಟು, ಕಾಲಲ್ಲಿ ಒತ್ತಿಹಿಡಿದು ಕೊಯ್ಯುತ್ತಿದ್ದರಂತೆ. ಅರ್ಧ ಶಕ್ತಿ ಹಿಡಿಯುವುದಕ್ಕೇ ಹೋಗುತ್ತಿತ್ತು, ಉಳಿದದ್ದನ್ನು ಸೊಂಟನೋವು ತಿನ್ನುತ್ತಿತ್ತು.

ಗರಗಸ ಎರಡಾಳಿನದು. ಹಳೆಯ ಅಲಗಿಗೆ ಇವರೇ ಮರದ ಹಿಡಿ ಕೂರಿಸಿದ್ದರು. ಇದರಲ್ಲಿ ಎಳೆಯುವುದಷ್ಟೇ ಕೆಲಸ. ಇವರು ಎಳೆಯುವಾಗ ನಾನು ಕೈ ಸಡಿಲ ಬಿಡಬೇಕು, ನಾನು ಎಳೆಯುವಾಗ ಇವರು. ದೂಡಿದರೆ ಅಲಗು ಬಳುಕಿ ಕಚ್ಚಿಕೊಳ್ಳುತ್ತದೆ. ಹಾಗಾಗಿ ಇಬ್ಬರ ಬಲ ಸಮ ಇರಲೇಬೇಕೆಂದಿಲ್ಲ, ಲಯ ಕೂಡಿದರೆ ಸಾಕು. ಮನೆತುಂಬ ಹಿರಿಯರಿದ್ದ ಕಾಲ ಅದು; ಗರಗಸದ ಆಚೆ ತುದಿಗೊಬ್ಬರು ಈಚೆ ತುದಿಗೊಬ್ಬರು ನಿಂತಾಗಲೇ ನಾವು ಮನಬಿಚ್ಚಿ ಮಾತಾಡಿದ್ದು. ಆ ಮಾತುಗಳಿಗಾಗಿ ನಾನು ಇನ್ನೂ ನಾಲ್ಕು ದಿಮ್ಮಿ ಹೆಚ್ಚಿಗೆ ಕೊಯ್ಯಲು ತಯಾರಿದ್ದೆ.

ಗರಗಸ ಯಾಕೆ ಸಿಕ್ಕಿಕೊಳ್ಳುತ್ತದೆ ಅಂತಲೂ ಕೇಳುತ್ತಾರೆ. ಎರಡೂ ತುದಿಗೆ ಆಧಾರ ಕೊಟ್ಟು ನಡುವೆ ಕೊಯ್ದರೆ ದಿಮ್ಮಿ ಕೆಳಕ್ಕೆ ಬಾಗಿ ಕೊಯ್ದ ಬಾಯಿ ಮುಚ್ಚಿಕೊಳ್ಳುತ್ತದೆ. ಕೊಯ್ಯುವ ತುದಿಯನ್ನು ಕತ್ತರಿಯಿಂದ ಹೊರಗೆ ಚಾಚಿಸಿಡಿ, ತುಂಡು ತನ್ನ ಭಾರಕ್ಕೇ ಬಾಯಿ ತೆರೆಯುತ್ತದೆ. ಹಲ್ಲುಗಳೂ ಒಂದು ಬಿಟ್ಟು ಒಂದು ಎಡಕ್ಕೆ, ಬಲಕ್ಕೆ ತುಸು ಹೊರಳಿರಬೇಕು, ಆಗ ಸೀಳು ಅಲಗಿಗಿಂತ ಅಗಲವಾಗುತ್ತದೆ. ಅರ ಹಾಕಿ ಹಲ್ಲು ಮಸೆಯುವ ಕೆಲಸ ಇವರದ್ದು. ಮೇಣ ಅಂಟಿದ ಅಲಗಿಗೆ ಸೀಮೆಎಣ್ಣೆಯ ಬಟ್ಟೆ ಒರೆಸುವುದು ನನ್ನದು.

ಅಷ್ಟೊಂದು ಕಟ್ಟಿಗೆ ಯಾಕೆ ಬೇಕಿತ್ತು ಅಂದರೆ, ಅಡುಗೆಗಿಂತ ಹೆಚ್ಚು ತಿನ್ನುವುದು ಬಚ್ಚಲ ಹಂಡೆ ಮತ್ತು ಅಡಿಕೆ ಬೇಯಿಸುವ ಒಲೆ. ಕೊಯ್ಲಿನ ದಿನಗಳಲ್ಲಿ ಸುಲಿದ ಅಡಿಕೆ ಅಂದಂದೇ ಬೇಯಬೇಕು, ಒಲೆ ಆರುವಂತಿಲ್ಲ. ನಮ್ಮ ಜಿಲ್ಲೆಯಲ್ಲಿ ತೋಟಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು, ಇರುವುದರಿಂದ, ಗಾಳಿಗೆ ಬಿದ್ದ ಮರ, ಒಣಗಿದ ಕೊಂಬೆ ಅಲ್ಲೇ ಸಿಗುತ್ತಿತ್ತು. ಶಿವರಾತ್ರಿ ಮುಗಿದದ್ದೇ ಕೊಯ್ದು, ಒಡೆದು, ಬಿಸಿಲಿಗೆ ಹಾಕಿ, ಮೃಗಶಿರ ಮಳೆ ಹಿಡಿಯುವ ಮೊದಲು ಕಟ್ಟಿಗೆ ಮನೆಗೆ ಪೇರಿಸಬೇಕು. ಹಸಿ ಕಟ್ಟಿಗೆ ತನ್ನ ಬೆಂಕಿಯನ್ನು ತನ್ನೊಳಗಿನ ನೀರು ಒಣಗಿಸಿಕೊಳ್ಳುವುದಕ್ಕೇ ಖರ್ಚು ಮಾಡುತ್ತದೆ, ಹೊಗೆ ಮಾತ್ರ ನಮ್ಮ ಕಣ್ಣಿಗೆ.

ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಅಡುಗೆಮನೆಗೆ ಬಂತು. ಹೊಗೆ ಕೊಳವೆಯಲ್ಲಿ ಹೊರಗೆ ಹೋಯಿತು, ಕಟ್ಟಿಗೆಯ ಖರ್ಚೂ ಇಳಿಯಿತು. ಆದರೆ ಅದರ ಬಾಯಿ ಚಿಕ್ಕದು, ಉದ್ದನೆಯ ಕೊಳ್ಳಿಯನ್ನು ತುರುಕಿ ಮುಂದೂಡುತ್ತ ಕೂರುವಂತಿಲ್ಲ. ಗೇಣುದ್ದ, ಸಣ್ಣ ಸೀಳೇ ಆಗಬೇಕು. ಕತ್ತರಿಗೆ ಕೆಲಸ ಇಮ್ಮಡಿಯಾದದ್ದು ಆಗ.

ಈಗ ಊರಿಗೆ ಯಂತ್ರದ ಗರಗಸ ಬಂದಿದೆ, ನಾವೂ ಅದನ್ನೇ ಕರೆಸುತ್ತೇವೆ. ಅದಕ್ಕೂ ದಿಮ್ಮಿ ಅಲುಗದೆ ಇರಬೇಕು ತಾನೆ, ಹಾಗಾಗಿ ಕತ್ತರಿ ಬಳಕೆಯಲ್ಲಿದೆ. ಮಾಡಿಸುವವರಿಗೆ ಒಂದು ಮಾತು: ಕವಲಿನ ಎತ್ತರವನ್ನು ಇಬ್ಬರಲ್ಲಿ ಗಿಡ್ಡವರ ಸೊಂಟಕ್ಕೆ ಅಳತೆ ಹಿಡಿಯಿರಿ. ನಮ್ಮದನ್ನು ಇವರು ನನ್ನನ್ನು ನಿಲ್ಲಿಸಿಯೇ ಅಳೆದಿದ್ದರು.