ಕೈಯಂದಾಜು, ತಕ್ಕಡಿ ಲೆಕ್ಕ

ಮಳೆ ಹಿಡಿದ ಬೆಳಿಗ್ಗೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬೆಳಕು ಮಂಕು. ಹರಾಜಿಗೆ ಮೊದಲು, ಗೂಡಿನಿಂದ ನೂಲು ಬಿಚ್ಚುವ ರೀಲರ್‌ಗಳು ಲಾಟಿನಿಂದ ಲಾಟಿಗೆ (ಮಾರಾಟಕ್ಕಿಟ್ಟ ಗೂಡಿನ ರಾಶಿ) ನಡೆದು, ಒಂದು ಹಿಡಿ ಗೂಡು ಎತ್ತಿ, ಹಿಸುಕಿ, ಕಿವಿ ಹತ್ತಿರ ಅಲ್ಲಾಡಿಸಿ ದರ ಕಟ್ಟುತ್ತಾರೆ. ಹರಾಜು ಮೊಬೈಲಿಗೆ ಬಂದಿದೆ, ಅಂದಾಜು ಮಾತ್ರ ಇನ್ನೂ ಕೈಯಲ್ಲೇ ಇದೆ.

ಆ ಕೈಗೆ ಮೆತ್ತನೆ ಗೂಡು, ಜೋಡಿಗೂಡು, ಕಲೆಗೂಡು ಥಟ್ಟನೆ ಗೊತ್ತಾಗುತ್ತದೆ. ಎಡವುವುದು ಇಷ್ಟನ್ನೂ ಕೂಡಿಸಿ ಒಂದು ದರಕ್ಕೆ ತರುವಾಗ. ಪಕ್ಕದ ಲಾಟು ದುಬಾರಿಗೆ ಹೋದರೆ ಇದೂ ಚೆನ್ನಾಗಿ ಕಾಣುತ್ತದೆ. ನಿನ್ನೆ ನೂಲು ಕಡಿಮೆ ಬಂದಿದ್ದರೆ ಇದೇ ಗೂಡು ಹಗುರ ಅನ್ನಿಸುತ್ತದೆ.

ಲೆಕ್ಕ ಸುಲಭ. ಲಾಟಿನ ಮೇಲೆ, ನಡುವೆ, ತಳದಿಂದ ಒಟ್ಟು 25 ಗೂಡು ತೆಗೆದು ತೂಗಿ (ರೈತನನ್ನು ಕೇಳಿಯೇ, ಇವು ಹಾಳಾಗುತ್ತವೆ). ಕೊಯ್ದು ಪ್ಯೂಪಾ (ಒಳಗಿನ ಹುಳುವಿನ ಕೋಶ), ಅದು ಕಳಚಿದ ಪೊರೆ ತೆಗೆದು ಬರಿಯ ಕವಚ ತೂಗಿ. ಗೂಡು 45 ಗ್ರಾಂ, ಕವಚ 8.1 ಗ್ರಾಂ ಇದ್ದರೆ ಶೇ 18, ಸಿ.ಬಿ. (ಮಿಶ್ರತಳಿ) ಗೂಡಿಗೆ ಒಳ್ಳೆಯದೇ. ಕಿಲೋ ಗೂಡಿಗೆ ಕವಚ 180 ಗ್ರಾಂ. ಅದರಲ್ಲಿ ಶೇ 65 ನೂಲಾದರೆ 117 ಗ್ರಾಂ, ಅಂದರೆ ರೆಂಡಿಟ್ಟ (ಒಂದು ಕಿಲೋ ನೂಲಿಗೆ ಬೇಕಾದ ಗೂಡಿನ ಕಿಲೋ) ಸುಮಾರು 8.5. ಕವಚ ಶೇ 17ಕ್ಕೆ ಇಳಿದರೆ ರೆಂಡಿಟ್ಟ 9 ದಾಟುತ್ತದೆ. ಕಿಲೋ ಗೂಡು 500 ರೂಪಾಯಿ ಎಂದರೆ, ಕಿಲೋ ನೂಲಿನ ಮೇಲೆ 250 ರೂಪಾಯಿ ಹೋಯಿತು.

ಆ ಶೇ 1 ಎಂದರೆ ತಕ್ಕಡಿಯಲ್ಲಿ 0.45 ಗ್ರಾಂ. ಹಾಗಾಗಿ 0.1 ಗ್ರಾಂ ತೋರುವ ತಕ್ಕಡಿ ಬೇಕೇ ಬೇಕು. ಮೇಲಿನ ಗೂಡನ್ನಷ್ಟೇ ಆರಿಸಿದರೂ ಲೆಕ್ಕ ಕೆಡುತ್ತದೆ. ಹೆಣ್ಣು ಗೂಡು ತೂಕದಲ್ಲಿ ಹೆಚ್ಚು, ಕವಚದ ಪಾಲಿನಲ್ಲಿ ಕಡಿಮೆ. ದಪ್ಪ ಗೂಡು ಕಂಡು ಕೈ ಮೋಸಹೋಗುವುದು ಇಲ್ಲೇ. ಒಳಗಿನ ಹುಳು ಪ್ಯೂಪಾ ಆಗುವ ಮುಂಚೆ ಬಿಡಿಸಿದ ಗೂಡೂ ಹೀಗೆಯೇ, ಒಳಗಿನ ನೀರಿಗೆ ಭಾರ.

ಕೈಯಂದಾಜಿಗಿಂತ ಲೆಕ್ಕ ಮೇಲು ಎಂಬುದನ್ನು ಅನುಭವಸ್ಥರು ಒಪ್ಪುವುದು ಕಷ್ಟ. ಆದರೆ ಬೇರೆ ಕಡೆಯೂ ಹೀಗೇ ಆಗಿದೆ. 1970ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಲೂಯಿಸ್ ಗೋಲ್ಡ್‌ಬರ್ಗ್ 29 ಮನಶ್ಶಾಸ್ತ್ರ ಪರಿಣತರು ರೋಗಿಗಳ ಕಾಯಿಲೆ ಗುರುತಿಸಿದ ತೀರ್ಮಾನಗಳಿಂದಲೇ ತಲಾ ಒಂದು ಸೂತ್ರ ಕಟ್ಟಿ, 861 ರೋಗಿಗಳ ಮೇಲೆ ಹೋಲಿಸಿದರು. ಬಹುಪಾಲು ಸೂತ್ರಗಳು ತಮ್ಮ ಒಡೆಯರಿಗಿಂತ ಸರಿಯಾಗಿದ್ದವು. ಅವರದೇ ವಿವೇಕ, ಆದರೆ ದಣಿವಿಲ್ಲದ್ದು.

ಹಾಗೆಂದು ಕೈಗೆ ಕೆಲಸವಿಲ್ಲ ಎಂದಲ್ಲ. ಊಜಿ ನೊಣ (ರೇಷ್ಮೆಹುಳುವನ್ನು ತಿನ್ನುವ ಪರೋಪಜೀವಿ) ಮಾಡಿದ ತೂತು, ಒಳಗೆ ಕರಗಿದ ಹುಳುವಿನ ವಾಸನೆ ಸೂತ್ರಕ್ಕೆ ಕಾಣವು. ಅವು ಸಿಕ್ಕರೆ ಲಾಟನ್ನೇ ಬಿಡಬೇಕು, ಅಂಕಿಯನ್ನು ಅಷ್ಟಿಷ್ಟು ತಿದ್ದುತ್ತಾ ಕೂರಬಾರದು. ನೂಲು ಬಿಚ್ಚಿದ ಮೇಲೆ ನಿಜವಾಗಿ ಬಂದ ರೆಂಡಿಟ್ಟವನ್ನು ಲೆಕ್ಕದ ಪಕ್ಕದಲ್ಲೇ ಬರೆದಿಡಿ. ನಿಮ್ಮ ಬೇಸಿನ್‌ಗೆ (ನೂಲು ಬಿಚ್ಚುವ ಬಿಸಿನೀರಿನ ತೊಟ್ಟಿ) ಆ ಶೇ 65, 62 ಆಗಿರಲೂಬಹುದು.