ಪರ್ಜ್ ವಾಲ್ವ್ ಎರಡನೇ ಸಲ ಕೆಟ್ಟಾಗ

ಹೊಸ ಪರ್ಜ್ ವಾಲ್ವ್ (ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ವಾಲ್ವ್) ಹಾಕಿ ಕಳಿಸಿದ್ದ ಕಾರು ಐದು ವಾರಕ್ಕೆ ವಾಪಸ್ ಬಂತು. ಅದೇ ಚೆಕ್ ಎಂಜಿನ್ ಲೈಟ್. ಸ್ಕ್ಯಾನರ್‌ನಲ್ಲಿ ಅದೇ ಕೋಡ್, ಪಿ0496. ಬೇಡದ ಹೊತ್ತಲ್ಲೂ ಆವಿ ಎಂಜಿನ್ನಿಗೆ ಹೋಗುತ್ತಿದೆ ಅಂತ ಅದರರ್ಥ. ಗಾಡಿಯವರು ಬೈಯಲಿಲ್ಲ. "ಹೋದ ಸಲ ಸರಿ ಮಾಡಿ ಕೊಟ್ಟಿದ್ರಲ್ಲ ಸರ್, ಮತ್ತೆ ಯಾಕೆ ಹೀಗಾಯ್ತು?" ಎಂದಷ್ಟೇ ಕೇಳಿದರು. ಹೇಳೋಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೈದಿದ್ದರೂ ಅಷ್ಟು ಬೇಜಾರಾಗುತ್ತಿರಲಿಲ್ಲ.

ಮೊದಲ ಸಲ ಬಂದಾಗ ಅವರ ದೂರು ತುಂಬಾ ಸ್ಪಷ್ಟವಾಗಿತ್ತು. ಬೇರೆ ಹೊತ್ತಿನಲ್ಲಿ ಗಾಡಿ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ. ಪೆಟ್ರೋಲ್ ತುಂಬಿಸಿದ ಕೂಡಲೇ ಮಾತ್ರ ಹಠ ಮಾಡುತ್ತದೆ. ಆಕ್ಸಿಲರೇಟರ್ ಒತ್ತಿ ಹಿಡಿದರೆ ಹೇಗೋ ಸ್ಟಾರ್ಟ್ ಆಗಿ, ಸ್ವಲ್ಪ ಹೊತ್ತು ಕುಲುಕಾಡಿ ಸರಿಹೋಗುತ್ತದೆ. ಈ ಕೆಲಸ ಗೊತ್ತಿರುವವರಿಗೆ ಇಷ್ಟು ಕೇಳಿದರೆ ಸಾಕು, ಕೈ ಸೀದಾ ಪರ್ಜ್ ವಾಲ್ವ್ ಕಡೆ ಹೋಗುತ್ತದೆ.

ಯಾಕೆ ಅಂದರೆ, ಟ್ಯಾಂಕಿನಲ್ಲಿ ಪೆಟ್ರೋಲ್ ಸದಾ ಆವಿಯಾಗುತ್ತಲೇ ಇರುತ್ತದೆ. ಆ ಆವಿ ಹೊರಗಿನ ಗಾಳಿಗೆ ಸೇರಬಾರದು. ಅದಕ್ಕೇ ಇದ್ದಿಲು ತುಂಬಿದ ಒಂದು ಡಬ್ಬಿ ಇದೆ, ಕ್ಯಾನಿಸ್ಟರ್ ಅಂತ. ಆವಿಯನ್ನು ಇದ್ದಿಲು ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ ಓಡುವಾಗ ಗಾಡಿಯ ಕಂಪ್ಯೂಟರ್ ತನಗೆ ಬೇಕೆನಿಸಿದಾಗ ಪರ್ಜ್ ವಾಲ್ವ್ ತೆರೆದು ಆ ಆವಿಯನ್ನು ಎಂಜಿನ್ನಿಗೆ ಎಳೆದುಕೊಂಡು ಸುಡುತ್ತದೆ. ವಾಲ್ವ್ ಮುಚ್ಚಿಕೊಳ್ಳದೆ ತೆರೆದೇ ಉಳಿದರೆ? ಪೆಟ್ರೋಲ್ ತುಂಬುವಾಗ ಟ್ಯಾಂಕಿನಿಂದ ಹೊರಟ ಅಷ್ಟೂ ಆವಿ ಸ್ಟಾರ್ಟ್ ಮಾಡುವ ಹೊತ್ತಿಗೇ ಎಂಜಿನ್ನಿಗೆ ನುಗ್ಗುತ್ತದೆ. ಗಾಳಿಗಿಂತ ಪೆಟ್ರೋಲೇ ಜಾಸ್ತಿಯಾಗಿ ಎಂಜಿನ್ ಒದ್ದಾಡುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಐಡಲ್‌ನಲ್ಲಿ ಬಿಟ್ಟು, ವಾಲ್ವ್‌ನ ಕರೆಂಟ್ ಕನೆಕ್ಟರ್ ಕಳಚಿ, ಕ್ಯಾನಿಸ್ಟರ್ ಕಡೆಯ ಪೈಪು ತೆಗೆದು ಅಲ್ಲಿ ಬೆರಳಿಡಬೇಕು. ಬೆರಳನ್ನು ಎಳೆಯಬಾರದು. ಎಳೆದರೆ ವಾಲ್ವ್ ಮುಚ್ಚಿಕೊಳ್ಳುತ್ತಿಲ್ಲ ಅಂತ ಅರ್ಥ. ಕನೆಕ್ಟರ್ ಕಳಚುವುದನ್ನು ಮರೀಬೇಡಿ. ಬಿಸಿ ಎಂಜಿನ್‌ನಲ್ಲಿ ಕಂಪ್ಯೂಟರ್ ತಾನೇ ವಾಲ್ವ್ ತೆರೆಯುತ್ತಾ ಮುಚ್ಚುತ್ತಾ ಇರುತ್ತದೆ, ಚೆನ್ನಾಗಿರುವ ವಾಲ್ವ್ ಕೂಡ ಬೆರಳು ಎಳೆಯುತ್ತದೆ. ಹಾಗೆ ಸುಮ್ನೆ ಬದಲಾದ ವಾಲ್ವ್‌ಗಳನ್ನು ನಾನು ನೋಡಿದ್ದೇನೆ.

ಮೊದಲ ಸಲ ನನ್ನ ಪರೀಕ್ಷೆ ಸರಿಯಾಗಿಯೇ ಇತ್ತು. ವಾಲ್ವ್ ನಿಜವಾಗಿಯೂ ಕೆಟ್ಟಿತ್ತು. ಹೊಸದು ಹಾಕಿದೆ, ಕೋಡ್ ಅಳಿಸಿದೆ, ಗಾಡಿ ಕಳಿಸಿದೆ. ಹಳೆಯ ವಾಲ್ವ್ ಯಾಕೆ ಕೆಟ್ಟಿತು ಅಂತ ಮಾತ್ರ ನೋಡಲಿಲ್ಲ. ತಪ್ಪಿದ್ದು ಅಲ್ಲೇ.

ಎರಡನೇ ಸಲ ವಾಲ್ವ್ ಬಿಚ್ಚಿ, ಒಂದು ಬಿಳಿ ಬಟ್ಟೆ ಹಾಸಿ ಅದರ ಮೇಲೆ ಮೆಲ್ಲಗೆ ಕುಟ್ಟಿದೆ. ಸಾಸಿವೆಗಿಂತ ಚಿಕ್ಕ ಕರಿ ಕಾಳುಗಳು ಉದುರಿದವು. ಬೆರಳಲ್ಲಿ ಉಜ್ಜಿದರೆ ಪುಡಿಯಾಗಿ ಕಾಡಿಗೆಯಂತೆ ಮೆತ್ತಿಕೊಂಡವು. ಇದ್ದಿಲು. ಕ್ಯಾನಿಸ್ಟರ್ ಒಳಗೆ ಕದಲದೆ ಕೂತಿರಬೇಕಾದ ಇದ್ದಿಲು ಪೈಪು ಹಿಡಿದು ಎಂಜಿನ್ ತನಕ ಬಂದಿತ್ತು. ಅಂಥ ಒಂದು ಕಾಳು ವಾಲ್ವ್ ಕೂರುವ ಜಾಗದಲ್ಲಿ ಸಿಕ್ಕಿಕೊಂಡರೆ ಸಾಕು, ವಾಲ್ವ್ ಪೂರ್ತಿ ಮುಚ್ಚುವುದಿಲ್ಲ.

ಆಗ ಗಾಡಿಯವರನ್ನು ಕೇಳಿದೆ, "ಪೆಟ್ರೋಲ್ ಹೇಗೆ ಹಾಕಿಸ್ತೀರಿ?"

"ಯಾವಾಗಲೂ ಫುಲ್ ಟ್ಯಾಂಕೇ ಸರ್. ಪಂಪ್ ತಾನಾಗಿ ನಿಂತ ಮೇಲೂ ಮೂರ್ನಾಲ್ಕು ಸಲ ಒತ್ತಿಸ್ತೀನಿ. ಕುತ್ತಿಗೆ ತನಕ ಬರಬೇಕು, ಆಗಲೇ ಸಮಾಧಾನ."

ಉತ್ತರ ಸಿಕ್ಕಿತು. ಕ್ಯಾನಿಸ್ಟರ್ ಇರುವುದು ಆವಿಗೆ, ದ್ರವ ಪೆಟ್ರೋಲಿಗೆ ಅಲ್ಲ. ಟ್ಯಾಂಕಿನ ಮೇಲ್ಭಾಗದಲ್ಲಿ ಆವಿಗಾಗಿ ಬಿಟ್ಟ ಜಾಗವನ್ನೂ ತುಂಬಿಸಿಬಿಟ್ಟರೆ ಪೆಟ್ರೋಲ್ ಆವಿಯ ಪೈಪಿನೊಳಗೆ ನುಗ್ಗಿ ಕ್ಯಾನಿಸ್ಟರ್ ಸೇರಬಹುದು. ಇದ್ದಿಲು ನೆನೆದು ಹಾಳಾಗುತ್ತದೆ. ಈ ಗಾಡಿಯ ಕ್ಯಾನಿಸ್ಟರ್ ಕಳಚಿ ಕೈಯಲ್ಲಿ ಹಿಡಿದಾಗ ಭಾರ ಗೊತ್ತಾಯಿತು. ಅಲುಗಾಡಿಸಿದರೆ ಒಳಗೆ ಗಲಗಲ ಸದ್ದು.

ಈ ಸಲ ಕ್ಯಾನಿಸ್ಟರ್ ಮತ್ತು ವಾಲ್ವ್ ಎರಡನ್ನೂ ಬದಲಿಸಿದೆ. ಅವೆರಡರ ನಡುವಿನ ಪೈಪನ್ನು ಎರಡೂ ತುದಿ ಬಿಚ್ಚಿ ಗಾಳಿ ಹೊಡೆದು ತೊಳೆದೆ. ಇದನ್ನು ಬಿಟ್ಟರೆ ಪೈಪಿನಲ್ಲಿ ಉಳಿದ ಕಾಳುಗಳೇ ಹೊಸ ವಾಲ್ವನ್ನೂ ತಿನ್ನುತ್ತವೆ. ಒಂದು ತುದಿ ಟ್ಯಾಂಕಿಗೆ ಸೇರಿಕೊಂಡಿರುವಾಗ ಮಾತ್ರ ಕಂಪ್ರೆಸರ್ ಗಾಳಿ ಬಿಡಲೇಬಾರದು.

ಇಷ್ಟು ಪೈಪು ಬಿಚ್ಚಿ ಕೂರಿಸಿದ ಮೇಲೆ, ಒಳಗೆ ಹೊಗೆ ಬಿಟ್ಟು ಸೋರಿಕೆ ಹುಡುಕುವ ಹೊಗೆ ಪರೀಕ್ಷೆಯನ್ನೂ ಮಾಡಿದೆ. ಕ್ಯಾನಿಸ್ಟರ್‌ಗೆ ಹೊರಗಿನ ಗಾಳಿ ಬಿಡುವ ವೆಂಟ್ ವಾಲ್ವ್ ಕರೆಂಟ್ ಇಲ್ಲದಾಗ ತೆರೆದೇ ಇರುತ್ತದೆ. ಸ್ಕ್ಯಾನರ್‌ನಿಂದ ಅದನ್ನು ಮುಚ್ಚಿಸದೆ ಹೊಗೆ ಬಿಟ್ಟರೆ ಅಲ್ಲಿಂದಲೇ ಹೊರಬರುತ್ತದೆ, ಸೋರಿಕೆ ಸಿಕ್ಕಿತು ಅಂತ ಮೋಸ ಹೋಗ್ತೀವಿ. ಇನ್ನೊಂದು, ಪೆಟ್ರೋಲ್ ಮುಚ್ಚಳ ತೆಗೆದಿಟ್ಟು, ಅಲ್ಲಿಂದ ಹೊಗೆ ಬರುವ ತನಕ ಕಾದು ಆಮೇಲೆ ಮುಚ್ಚಬೇಕು. ಆಗ ಟ್ಯಾಂಕಿನ ತನಕ ಹೊಗೆ ತಲುಪಿದೆ ಅಂತ ಖಾತ್ರಿ. ಒತ್ತಡ ಬಹಳ ಕಡಿಮೆ ಇರಬೇಕು. ಕಂಪ್ಯೂಟರ್ ಹುಡುಕುವ ತೂತು ಕೆಲವು ಗಾಡಿಗಳಲ್ಲಿ ಬರೀ 0.5 ಮಿ.ಮೀ. ಅಷ್ಟು ಸಣ್ಣ ಸೋರಿಕೆಯ ಹೊಗೆ ಕೂದಲೆಳೆಯಷ್ಟೇ ಇರುತ್ತದೆ. ಫ್ಯಾನ್ ಆರಿಸಿ, ಟಾರ್ಚ್ ಓರೆಯಾಗಿ ಹಿಡಿದು, ತಾಳ್ಮೆಯಿಂದ ನೋಡಬೇಕು. ಈ ಗಾಡಿಯಲ್ಲಿ ಎಲ್ಲೂ ಹೊಗೆ ಕಾಣಲಿಲ್ಲ.

ಕೋಡ್ ಅಳಿಸಿದ ದಿನವೇ "ಸರಿಹೋಯ್ತು" ಅಂತ ಹೇಳುವುದನ್ನು ಈಗ ಬಿಟ್ಟಿದ್ದೇನೆ. ಕಂಪ್ಯೂಟರ್ ಈ ವ್ಯವಸ್ಥೆಯನ್ನು ತಾನಾಗಿ ಪರೀಕ್ಷಿಸಲು ಸಾಮಾನ್ಯವಾಗಿ ಎಂಜಿನ್ ರಾತ್ರಿಯೆಲ್ಲ ತಣ್ಣಗಾಗಿರಬೇಕು. ಟ್ಯಾಂಕ್ ತೀರಾ ತುಂಬಿರಬಾರದು, ತೀರಾ ಖಾಲಿಯೂ ಇರಬಾರದು. ಹೆಚ್ಚಿನ ಗಾಡಿಗಳಲ್ಲಿ ಸುಮಾರು 15ರಿಂದ 85 ಪರ್ಸೆಂಟ್ ನಡುವೆ ಇರಬೇಕು. ಕುತ್ತಿಗೆ ತನಕ ತುಂಬಿಸಿದ ಗಾಡಿಯಲ್ಲಿ ಆ ಪರೀಕ್ಷೆ ಶುರುವೇ ಆಗುವುದಿಲ್ಲ ಅಲ್ವಾ? ಅದನ್ನೂ ಅವರಿಗೆ ಬಿಡಿಸಿ ಹೇಳಿ, ಒಂದು ತಿಂಗಳು ಓಡಿಸಿ ಬನ್ನಿ ಅಂದೆ.

ಹೇಳಿದಂತೆ ಬಂದರು. ಲೈಟ್ ಬಂದಿರಲಿಲ್ಲ. ಸ್ಕ್ಯಾನರ್‌ನಲ್ಲಿ ಆ ಪರೀಕ್ಷೆ ಮುಗಿದಿದೆ ಎಂದೇ ತೋರಿಸುತ್ತಿತ್ತು. ಆದರೂ ವಾಲ್ವ್‌ನ ಪೈಪು ತೆಗೆದು ಅದೇ ಬಿಳಿ ಬಟ್ಟೆಯ ಮೇಲೆ ಕುಟ್ಟಿದೆ. ಗಾಡಿಯವರೂ ಬಗ್ಗಿ ನೋಡಿದರು. ಒಂದು ಕಾಳೂ ಬೀಳಲಿಲ್ಲ.