ಆಲೆಮನೆಯ ಎಂಜಿನ್ ಮತ್ತೆ ಉಸಿರಾಡಿತು

ಮೂರು ತಿಂಗಳ ನಂತರ ನಿನ್ನೆ ಸಂಜೆ ನಮ್ಮ ಆಲೆಮನೆಯ ಡೀಸೆಲ್ ಎಂಜಿನ್ ಮತ್ತೆ ಶುರುವಾಯಿತು. ಇಂಗ್ಲೆಂಡಿನ ಲಿಸ್ಟರ್ ಕಂಪನಿಯ ಮಾದರಿಯದು, ನಿಮಿಷಕ್ಕೆ 650 ಸುತ್ತು. ಸಿಲಿಂಡರಿರುವ ಬ್ಲಾಕ್ ತಾತನ ಕಾಲದ್ದು, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಮಂಡ್ಯದ ಗುಜರಿಯದು, ಒಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ ಮದ್ದೂರಿನ ಕಡೆ ಯಾರದೋ ಬಾವಿಯ ಪಂಪಿನದು.

ನೋಡಲು ಅಣ್ಣತಮ್ಮಂದಿರಂತಿದ್ದರೂ ಅಳತೆಯಲ್ಲಿ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಪಿಸ್ಟನ್ ತುದಿಗೇರಿದಾಗ ಹೆಡ್‌ಗೂ ಅದಕ್ಕೂ ನಡುವೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಜಾಗ ಉಳಿಯಬೇಕು. ಕಡಿಮೆಯಾದರೆ ಬಡಿಯುತ್ತದೆ, ಬಹಳ ಹೆಚ್ಚಾದರೆ ಒಳಗಿನ ಗಾಳಿ ಸಾಕಷ್ಟು ಒತ್ತಿ ಬಿಸಿಯಾಗದೆ ಡೀಸೆಲ್ ಹೊತ್ತುವುದಿಲ್ಲ. ಪಿಸ್ಟನ್ ಮೇಲೆ ಸೀಸದ ತಂತಿಯಿಟ್ಟು, ಹೆಡ್ ಬಿಗಿದು, ಪಕ್ಕದ ಭಾರದ ಚಕ್ರವಾದ ಫ್ಲೈವೀಲನ್ನು ಕೈಯಿಂದ ತಿರುಗಿಸಿ, ಚಪ್ಪಟೆಯಾದ ತಂತಿಯನ್ನು ಅಳೆದೆವು. ಬ್ಲಾಕಿನ ಅಡಿಗೆ ಶಿಮ್ ಎಂಬ ತೆಳು ಹಾಳೆ ಸೇರಿಸುವುದು, ತೆಗೆಯುವುದು, ಮತ್ತೆ ಅಳೆಯುವುದು. ಏಳು ಬಾರಿ! “ಅವಸರ ಬೇಡ ಕಣಪ್ಪ, ತಂತಿಯೇ ಹೇಳುತ್ತದೆ” ಎನ್ನುತ್ತಿದ್ದರು ಮೇಸ್ತ್ರಿ.

ಮೊದಲ ಹೊಗೆ ಕಂಡಾಗ ನನಗೆ ನೆನಪಾದದ್ದು ಆ ಪಿಸ್ಟನ್. ಎಷ್ಟು ವರ್ಷ ಯಾರ ಗದ್ದೆಗೆ ನೀರೆತ್ತಿತ್ತೋ! ನಿಮ್ಮದು ಇನ್ನೂ ದುಡಿಯುತ್ತಿದೆ ಎಂದು ಆ ಮನೆಯವರಿಗೆ ತಿಳಿಸಬೇಕೆನಿಸಿತು.

ಇಂದು ಬೆಳಿಗ್ಗೆ ಗಾಣ ತಿರುಗಿತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ.